ಕಣದ ಕಂಬಕ್ಕೆ ಕಟ್ಟಿದ ಬಿಳಿ ಪಂಚೆ

ಈ ಮಾರ್ಚಿನ ಮೊದಲ ಮಳೆಗೆ ಸಕಲೇಶಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹೆಂಚು ಸರಿದು, ನೀರು ನೇರವಾಗಿ ನನ್ನ ಹಳೆಯ ಟ್ರಂಕಿನ ಮೇಲೇ ಸೋರಿತು. ಮರುದಿನ ಬೆಳಿಗ್ಗೆ ಸೊಸೆ ಅದನ್ನು ಜಗಲಿಗೆ ಎಳೆದು ತಂದು ಒಂದೊಂದೇ ಸಾಮಾನು ತೆಗೆದು ಹರಡಿದಳು. ಕಾನ್ವೆಂಟಿನ ಸರ್ಟಿಫಿಕೇಟುಗಳು, ತೀರಿಹೋದ ನಮ್ಮ ಯಜಮಾನರ ಕೋಟು, ಮಳೆ ಲೆಕ್ಕದ ಮೂರು ರಿಜಿಸ್ಟರು. ಎಲ್ಲಕ್ಕಿಂತ ಕೆಳಗೆ ಒಂದು ಕರಿ ಕಂಬಳಿ. ಅದರ ಒಂದು ಮೂಲೆ ನೆಂದಿತ್ತು. ಒದ್ದೆ ಉಣ್ಣೆಯ ವಾಸನೆ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ, ಗೊತ್ತಿಲ್ಲದವರಿಗೆ ವಿವರಿಸಲು ನನಗೆ ಬರುವುದಿಲ್ಲ.

"ಅತ್ತೆ, ಇದನ್ನ ಒಂದು ಸಲಾನೂ ಹೊದ್ದೇ ಇಲ್ವಲ್ಲ, ಮಡಿಕೆ ಹಂಗೇ ಇದೆ. ಯಾರಾದ್ರೂ ಪ್ರೆಸೆಂಟ್ ಕೊಟ್ಟಿದ್ದಾ?" ಎಂದಳು ಸೊಸೆ.

"ಹೌದು" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಹೊರಟರೆ ಒಂದು ಬೇಸಗೆಯನ್ನೇ ಹೇಳಬೇಕಾಗುತ್ತದೆ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಆಲೂರಿನಿಂದ ಸಕಲೇಶಪುರಕ್ಕೆ ಬರುವ ರಸ್ತೆಯಿಂದ ಮೂರು ಮೈಲಿ ಒಳಗೆ, ಗುಡ್ಡದ ಮೇಲೆ ನಮ್ಮ ಎಸ್ಟೇಟು. ಎಸ್ಟೇಟ್ ಎನ್ನುವುದು ದೊಡ್ಡ ಮಾತಾಯಿತು. ಇಪ್ಪತ್ತೆಂಟು ಎಕರೆ ರೋಬಸ್ಟಾ, ಮನೆಯ ಮುಂದೆ ಕಾಫಿ ಒಣಗಿಸುವ ಕಣ, ಕಣದ ಪಕ್ಕ ಸ್ಟೋರು, ಗುಡ್ಡದ ಬುಡದಲ್ಲಿ ಹಳ್ಳದ ಉದ್ದಕ್ಕೂ ನಮ್ಮದೂ ಅಕ್ಕಪಕ್ಕದವರದೂ ಗದ್ದೆಗಳು. ಮದುವೆಯಾಗಿ ಬಂದ ವಾರದಲ್ಲೇ ಮಾವನವರು ಮಳೆ ಅಳೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಅಕ್ಷರ ದುಂಡಗಿದೆ ಎಂಬುದಷ್ಟೇ ಕಾರಣ. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಅಂಗಳದ ಮಳೆಮಾಪಕದ ತಾಮ್ರದ ಮುಚ್ಚಳ ತೆಗೆದು, ಒಳಗಿನ ನೀರನ್ನು ಗಾಜಿನ ಅಳತೆಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟ್ಸು (ಇಂಚಿನ ನೂರನೇ ಪಾಲು) ಎಂದು ಬರೆಯುವುದು. ಆಮೇಲೆ ಅಕ್ಕಪಕ್ಕದ ಎಸ್ಟೇಟುಗಳಿಂದ ಫೋನು ಬರುತ್ತಿತ್ತು. "ನಿಮಗೆಷ್ಟು? ನಮಗೆ ನಲವತ್ತು ಸೆಂಟ್ಸು." ಕಾಫಿಯವರ ಮನೆಯಲ್ಲಿ ಕುಶಲ ವಿಚಾರಿಸುವುದು ಅದಾದ ಮೇಲೆ.

ಭತ್ತದ ಕೊಯ್ಲು ಮುಗಿದು ಗದ್ದೆ ಖಾಲಿಯಾದ ಮೇಲೆ ಹೊಸದುರ್ಗದ ಕಡೆಯಿಂದ ಕುರಿಮಂದೆಗಳು ನಡೆದು ಬರುತ್ತಿದ್ದವು. ಅವರ ಕಡೆ ಬೇಸಗೆಯಲ್ಲಿ ಮೇವಿಲ್ಲ, ನೀರಿಲ್ಲ. ನಮ್ಮ ಕಡೆ ಗದ್ದೆಗೆ ಗೊಬ್ಬರ ಬೇಕು. ಮಂದೆ ಒಂದೊಂದು ಗದ್ದೆಯಲ್ಲಿ ಎರಡು ಮೂರು ರಾತ್ರಿ ತಂಗಿ ಮುಂದಿನ ಗದ್ದೆಗೆ ಹೋಗುತ್ತಿತ್ತು, ಗದ್ದೆಯವರು ರಾಗಿಯೋ ಅಕ್ಕಿಯೋ ಕೊಡುತ್ತಿದ್ದರು. ಯುಗಾದಿಗೆ ಅವರು ಊರು ಸೇರಬೇಕು. ನಮ್ಮ ಹಳ್ಳದ ಬಯಲಿಗೆ ಪ್ರತಿವರ್ಷ ಬರುತ್ತಿದ್ದದ್ದು ಕೆಂಚಪ್ಪನ ಮಂದೆ. ಐವತ್ತರ ಆಸುಪಾಸಿನ ಆಳು, ಮಾತಿಗೊಮ್ಮೆ ನಗುವವನು. ಅವನ ಜೊತೆ ಅವನ ಅಕ್ಕ ನಿಂಗಮ್ಮ. ಗಂಡ ಸತ್ತ ಮೇಲೆ ತಮ್ಮನ ಮಂದೆಯ ಹಿಂದೆಯೇ ನಡೆದವಳು. ತಮ್ಮಂದಿರ ಇಬ್ಬರು ಮಕ್ಕಳು, ಎರಡು ಕತ್ತೆ, ಇನ್ನೂರರ ಹತ್ತಿರ ಕುರಿ. ಅವರ ಸಂಸಾರ ಅಷ್ಟು.

ಆ ವರ್ಷ ಜನವರಿಯಲ್ಲಿ ಮೂರ್ತಿ ಎಂಬ ಹುಡುಗ ಮೋಟರ್ ಬೈಕಿನಲ್ಲಿ ನಮ್ಮ ಮನೆಗೆ ಬಂದ. ಹವಾಮಾನದ ವಿಷಯದಲ್ಲಿ ಎಂ.ಎಸ್ಸಿ. ಮಾಡಿ ಯಾವುದೋ ಸಂಸ್ಥೆಯಲ್ಲಿ ಕೆಲಸಕ್ಕಿದ್ದವನು. ಮಳೆ ಗಾಳಿಯ ಮುನ್ಸೂಚನೆಯನ್ನು ಕುರಿಯವರಿಗೆ ಮುಟ್ಟಿಸುವುದು ಅವನ ಪ್ರಾಜೆಕ್ಟು. ಅವರು ಒಂದು ಕಡೆ ನಿಲ್ಲುವವರಲ್ಲ, ಅವರ ಹತ್ತಿರ ಫೋನಿಲ್ಲ, ರೇಡಿಯೋದವರು ಹೇಳುವ ಭಾಷೆ ಅವರಿಗೆ ಉಪಯೋಗವಿಲ್ಲ. ಹಾಗಾಗಿ ಮಂದೆ ತಂಗುವ ಜಾಗಗಳಲ್ಲಿ ಫೋನು ಇರುವ, ಮಳೆಮಾಪಕ ಇರುವ ಮನೆಗಳನ್ನು ಹುಡುಕುತ್ತಿದ್ದ. ಮಂಗಳವಾರ, ಶುಕ್ರವಾರ ಅವನು ನನಗೆ ಫೋನ್ ಮಾಡುವುದು, ನಾನು ಕೆಳಗಿನವರಿಗೆ ಹೇಳುವುದು.

ನಾನು ಒಂದೇ ಮಾತಿಗೆ ಒಪ್ಪಿಕೊಂಡೆ. ಕಾನ್ವೆಂಟಿನಲ್ಲಿ ನಮಗೆ ಜಿಯಾಗ್ರಫಿ ಕಲಿಸಿದ ಸಿಸ್ಟರ್ ಅಗ್ನೆಸ್ ಮೋಡಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಸಿದ್ದರು. "ಫಸ್ಟ್ ಅಬ್ಸರ್ವ್, ಗರ್ಲ್ಸ್, ದೆನ್ ಸ್ಪೀಕ್" ಎಂಬುದು ಅವರ ಮಾತು. ಮೂವತ್ತು ವರ್ಷ ಕಾಫಿ ಸೋಸಿ, ಮಕ್ಕಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದವಳಿಗೆ ಆ ಕಲಿತದ್ದು ಕೊನೆಗೂ ಯಾರಿಗೋ ಬೇಕಾಯಿತಲ್ಲ ಎಂದು ಒಳಗೊಳಗೇ ಹೆಮ್ಮೆ. ಪ್ರತಿಸಲ ಗುಡ್ಡ ಇಳಿದು ಹೋಗಲಾರೆ ಎಂದು ಉಪಾಯವನ್ನೂ ನಾನೇ ಮಾಡಿದೆ. ಕಣದ ಮೂಲೆಯಲ್ಲಿ ಲೈಟಿಗೆಂದು ನೆಟ್ಟ ಉದ್ದದ ಕಂಬವಿತ್ತು. ಕೆಳಗಿನ ಬಯಲಿನ ಎಲ್ಲ ಗದ್ದೆಗೂ ಅದು ಕಾಣುತ್ತಿತ್ತು. ಮಳೆ ಬರುವುದಾದರೆ ಅದಕ್ಕೆ ನನ್ನ ಹಳೆಯ ಕೆಂಪು ಸೀರೆ, ಒಣಹವೆಯಾದರೆ ಯಜಮಾನರ ಬಿಳಿ ಪಂಚೆ.

ಹೇಳಲು ಹೋದ ದಿನ ನಿಂಗಮ್ಮ ರಾಗಿ ಮುದ್ದೆ ತೊಳಸುತ್ತಾ ಎಲ್ಲ ಕೇಳಿಸಿಕೊಂಡಳು.

"ಮಳೆ ಬರೋ ಮುಂಚೆ ನಿಮಗೆ ಫೋನ್ ಮಾಡ್ತೈತಾ ತಾಯಿ?"

"ಮಳೆ ಅಲ್ಲ ನಿಂಗಮ್ಮ, ಮೂರ್ತಿ ಮಾಡ್ತಾನೆ."

"ನಮ್ಮ ಅಳಿಯ ಒಂದಿನಾನೂ ಹೇಳಿ ಕಳಿಸಿ ಮನೆಗೆ ಬಂದೋನಲ್ಲ. ಅವನಿಗಿಂತ ಮಳೇನೇ ವಾಸಿ ಹಂಗಾರೆ."

ಕೆಂಚಪ್ಪ ಬಿದ್ದು ಬಿದ್ದು ನಕ್ಕ. "ನಗಬ್ಯಾಡ ಅಕ್ಕಯ್ಯ, ಅಮ್ಮಾರು ಓದಿದೋರು. ಕಟ್ಲಿ, ನೋಡಾನ" ಎಂದ.

ನೋಡುವ ದಿನ ಫೆಬ್ರವರಿಯಲ್ಲೇ ಬಂತು. ಕುರಿಗಳು ಮರಿ ಹಾಕುತ್ತಿದ್ದ ಹೊತ್ತು. ಶುಕ್ರವಾರ ಮೂರ್ತಿ ಮಳೆ ಎಂದ, ನಾನು ಕೆಂಪು ಸೀರೆ ಏರಿಸಿದೆ. ಬಿಸಿಲು ಫಳಫಳ ಹೊಡೆಯುತ್ತಿತ್ತು. ಆದರೂ ಕೆಂಚಪ್ಪ ಹಳ್ಳದ ಪಕ್ಕದ ತಗ್ಗು ಗದ್ದೆಯಿಂದ ಮಂದೆಯನ್ನು ಎಬ್ಬಿಸಿ ಮೇಲಿನ ದಿಣ್ಣೆಗೆ ತಂದು, ಎಳೆಯ ಮರಿಗಳ ಮೇಲೆ ಮಂಕರಿ ಬುಟ್ಟಿ ಕವುಚಿದ. ಸಂಜೆ ಮಳೆ ಬಂತು, ತಗ್ಗು ಗದ್ದೆಯಲ್ಲಿ ಕಣಕಾಲುದ್ದ ನೀರು ನಿಂತಿತು. ಮರುದಿನ ಅವನು ಒಂದು ಚೊಂಬು ಕುರಿಹಾಲು ಹಿಡಿದು ಗುಡ್ಡ ಹತ್ತಿ ಬಂದ.

"ಒಂದು ಮರೀನೂ ಹೋಗ್ಲಿಲ್ಲವ್ವ. ಈ ಸಲದ ಉಣ್ಣೇಲಿ ಮೊದಲ್ನೇ ಕಂಬಳಿ ನಿಮಗೆ. ನಮ್ಮೂರಲ್ಲಿ ನೇಯಿಸಿ ತರ್ತೀನಿ" ಎಂದ.

ಅಂದಿನಿಂದ ಅವನು ಬೆಳಿಗ್ಗೆ ಎದ್ದ ತಕ್ಷಣ ಕಂಬದ ಕಡೆ ನೋಡುತ್ತಿದ್ದನಂತೆ. ನಾನೂ ಬಟ್ಟೆ ಕಟ್ಟಿದ ಮೇಲೆ ಕಣದ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು, ಕೆಳಗೆ ಅವನು ಕೈ ಎತ್ತುವುದನ್ನು ನೋಡಿಯೇ ಒಳಗೆ ಬರುತ್ತಿದ್ದೆ. ನನ್ನ ಇಡೀ ಸಂಸಾರದಲ್ಲಿ ಅಷ್ಟು ದೂರದಿಂದ ಯಾರೂ ನನ್ನ ಮಾತನ್ನು ಕೇಳಿಸಿಕೊಂಡಿರಲಿಲ್ಲ.

ಮೂರ್ತಿ ಮಾತ್ರ ಎಚ್ಚರಿಸುತ್ತಿದ್ದ. "ಅಮ್ಮಾ, ಇದು ಪ್ರಾಬಬಿಲಿಟಿ ಅಷ್ಟೇ. ನೂರಕ್ಕೆ ಎಂಬತ್ತು ಒಣ ಅಂದ್ರೆ ಇನ್ನೂ ಇಪ್ಪತ್ತು ಇದೆ. ಅಲ್ಲದೆ ಇದು ಇಡೀ ಜಿಲ್ಲೆಗೆ ಒಂದೇ. ಅರಸೀಕೆರೆಗೂ ನಿಮಗೂ ಒಂದೇ." ನಾನು "ಐ ಅಂಡರ್‌ಸ್ಟ್ಯಾಂಡ್, ಐ ಅಂಡರ್‌ಸ್ಟ್ಯಾಂಡ್" ಎನ್ನುತ್ತಿದ್ದೆ. ಅರ್ಥವಾಗಿತ್ತು ಕೂಡ. ಆದರೆ ಕಂಬಕ್ಕೆ ಬಿಳಿ ಕಟ್ಟಬಹುದು, ಕೆಂಪು ಕಟ್ಟಬಹುದು. ಆ ಇಪ್ಪತ್ತಕ್ಕೆ ಯಾವ ಬಟ್ಟೆ ಕಟ್ಟಲಿ?

ಮಾರ್ಚ್ ಬಂತು. ಕಾಫಿಯವರ ಮನೆಗಳಲ್ಲಿ ಮಾರ್ಚ್ ಎಂದರೆ ಏನು ಎಂದು ಆ ಕಡೆಯವರಿಗೆ ಗೊತ್ತು. ಗಿಡದಲ್ಲಿ ಮೊಗ್ಗು ಕಟ್ಟಿ ನಿಂತಿರುತ್ತದೆ. ಒಂದು ಇಂಚು ಹೂಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಹೂವು, ಬೀಳದಿದ್ದರೆ ಮೊಗ್ಗು ಒಣಗಿ ವರ್ಷದ ಬೆಳೆಯೇ ಇಲ್ಲ. ಮಾತಿನ ಮಧ್ಯೆ ಎಲ್ಲರ ಕಣ್ಣೂ ಪಡುವಣದ ಕಡೆಗೆ ಹೋಗಿಬರುತ್ತಿರುತ್ತದೆ. ಯಜಮಾನರು ದಿನಾ ಸಂಜೆ ಜಗಲಿಯಲ್ಲಿ ಕೂತು, "ಈ ವಾರ ಬಂದೇ ಬರುತ್ತೆ ನೋಡ್ತಿರು. ಅಪ್ಪನ ಕಾಲದಿಂದ ನೋಡಿದೀನಿ, ಶಿವರಾತ್ರಿ ಕಳೆದು ಯುಗಾದಿಯೊಳಗೆ ಒಂದು ಬಿದ್ದೇ ಬೀಳುತ್ತೆ" ಎನ್ನುತ್ತಿದ್ದರು.

ಆ ಮಂಗಳವಾರ ಮೂರ್ತಿ, ಇನ್ನು ಐದು ದಿನ ಒಣಹವೆ ಎಂದ. ನಾನು ಬಿಳಿ ಪಂಚೆ ಕಟ್ಟಲು ಹೊರಟಾಗ ಯಜಮಾನರು ನಕ್ಕರು.

"ನನ್ನ ಪಂಚೇಲೇ ನನ್ನ ಮಳೆ ಓಡಿಸ್ತೀಯಲ್ಲ ಮಾರಾಯ್ತಿ."

ನಾನೂ ನಕ್ಕೆ. ಒಂದೇ ಜಗಲಿಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದು ಕಿವಿಗೆ ಮಳೆ ಬರುತ್ತದೆ ಎಂದು ಬೀಳುತ್ತಿತ್ತು, ಇನ್ನೊಂದು ಕಿವಿಗೆ ಬರುವುದಿಲ್ಲ ಎಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ನನಗೆ ತೋಚಲೇ ಇಲ್ಲ. ಯಜಮಾನರು ಹೇಳುತ್ತಿದ್ದುದಕ್ಕೆ ನಮ್ಮ ಮನೆಯಲ್ಲಿ ಆಸೆ ಎಂದು ಹೆಸರಿತ್ತು. ಮೂರ್ತಿ ಹೇಳುತ್ತಿದ್ದುದಕ್ಕೆ ಸೈನ್ಸ್ ಎಂದು. ಮಾವನವರೂ ಆಮೇಲೆ ನಾನೂ ಬರೆದಿಟ್ಟ ರಿಜಿಸ್ಟರುಗಳು ಕೈಯಳತೆಯ ಶೆಲ್ಫಿನಲ್ಲೇ ಇದ್ದವು.

ಮೂರ್ತಿ ಮಳೆ ಎಂದಿದ್ದರೂ, ಒಣ ಎಂದಿದ್ದರೂ ನನಗೆ ಅದು ಪಂಚೆಯೋ ಸೀರೆಯೋ ಎಂಬಷ್ಟೇ ವಿಷಯ. ಕೆಳಗೆ ಅದರಿಂದ ಏನು ನಿರ್ಧಾರವಾಗುತ್ತದೆ ಎಂದು ಬುಧವಾರ ಬೆಳಿಗ್ಗೆ ಕಣ್ಣಿಗೆ ಬಿತ್ತು. ಕೆಂಚಪ್ಪ ಉಣ್ಣೆ ಕತ್ತರಿಸಲು ಶುರುಮಾಡಿದ್ದ. ಊರಿಗೆ ಹೊರಡುವ ಮುಂಚೆ ಕತ್ತರಿಸಿದರೆ ಬಯಲುಸೀಮೆಯ ಬಿಸಿಲಲ್ಲಿ ಕುರಿ ಸಲೀಸಾಗಿ ನಡೆಯುತ್ತವೆ. ಆದರೆ ಬೋಳಾದ ಕುರಿಗೆ ಮೊದಲ ನಾಲ್ಕೈದು ದಿನ ಒಂದು ಹನಿ ಚಳಿಮಳೆಯೂ ತಾಗಬಾರದು. ಅದಕ್ಕೇ ಬಿಳಿ ಬಟ್ಟೆಗಾಗಿ ಕಾದಿದ್ದನಂತೆ.

ಬೆಲ್ಲದ ಕಾಫಿ ಮಾಡಿಕೊಂಡು ಕೆಳಗೆ ಹೋದೆ. ಮುಂದಾಳು ಟಗರಿಗೆ ಕುಂಕುಮ ಹಚ್ಚಿ, ಅದರ ಮೊದಲ ಹಿಡಿ ಉಣ್ಣೆಯನ್ನು ಮಂದೆಯ ಪಕ್ಕ ನೆಟ್ಟ ದೇವರ ಕೋಲಿಗೆ ಕಟ್ಟಿದ್ದರು. ಅವರ ಮನೆತನದಲ್ಲಿ ಒಂದು ಕಟ್ಟಳೆ. ಒಮ್ಮೆ ಕತ್ತರಿ ಎತ್ತಿದರೆ ಮಂದೆಯ ಕೊನೆಯ ಕುರಿಯವರೆಗೆ ಅದನ್ನು ನೆಲಕ್ಕೆ ಇಡುವಂತಿಲ್ಲ. ರಾತ್ರಿ ಮಲಗುವಾಗಲೂ ಆ ಕೋಲಿಗೇ ನೇತುಹಾಕುತ್ತಾರೆ. ಅರ್ಧ ಕತ್ತರಿಸಿ ಅರ್ಧ ಬಿಟ್ಟ ಮಂದೆ ದೇವರ ಕಣ್ಣಿಗೆ ಹರಿದ ಕಂಬಳಿಯ ಹಾಗೆ ಎಂದು ನಿಂಗಮ್ಮ ನನಗೆ ವಿವರಿಸಿದಳು.

ಕಾಫಿ ಕುಡಿಯುತ್ತಾ ಅವಳು ಪಡುವಣದ ಕಡೆ ಮುಖ ಮಾಡಿ ಕೂತಿದ್ದಳು. "ಕೆಂಚಾ, ಕುರಿ ನೆನ್ನೆಯಿಂದ ನೀರಿಗೆ ಬಾಯಿ ಹಾಕಿಲ್ಲ ಕಣೋ. ಗಾಳೀನೂ ತಿರುಗೈತೆ. ಎರಡು ದಿನ ತಡಿಯಾನ ಅಂದೆ, ಕೇಳ್ಳಿಲ್ಲ ನೀನು."

"ಮೇಲೆ ನೋಡಕ್ಕಯ್ಯ. ಬಿಳಿ ಬಟ್ಟೆ ಹಾರಾಡ್ತಾ ಐತೆ."

"ಬಟ್ಟೆ ಯಾವ ಕಡೆ ಹಾರ್ತಾ ಐತೆ ಅಂತ ನೋಡು."

ಎಲ್ಲರೂ ನನ್ನನ್ನು ನೋಡಿದರು. ಪಂಚೆ ಮೂಡಣಕ್ಕೆ ಹಾರುತ್ತಿತ್ತು, ಗಾಳಿ ಘಟ್ಟದ ಕಡೆಯಿಂದಲೇ ಬರುತ್ತಿತ್ತು. ನಾನು, "ಇನ್ನೂ ನಾಲ್ಕು ದಿನ ಒಣ ಅಂತ ಫೋನಲ್ಲಿ ಹೇಳಿದಾರೆ" ಎಂದೆ. ಸಿಸ್ಟರ್ ಅಗ್ನೆಸ್ ಎದುರಿಗಿದ್ದಿದ್ದರೆ ನನ್ನ ಕೈಗೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು.

ಗುರುವಾರ ಹನ್ನೊಂದು ಗಂಟೆಗೆ ಫೋನ್ ರಿಂಗಾಯಿತು. ಮೂರ್ತಿ ಕರೆ ಮಾಡುವ ದಿನವಲ್ಲ ಅದು. "ಅಮ್ಮಾ, ಚೇಂಜ್ ಆಗಿದೆ. ಘಟ್ಟದ ಕಡೆ ಇವತ್ತು ಸಂಜೆ ಜೋರು ಮಳೆ, ಗಾಳಿ, ಆಲಿಕಲ್ಲೂ ಬೀಳಬಹುದು. ಬೇಗ ಹೇಳಿಬಿಡಿ" ಎಂದ. ಪಾಪ, ಅವನ ದನಿಯಲ್ಲಿ ಸಮಯಕ್ಕೆ ಸರಿಯಾಗಿ ತಿಳಿಸಿದ ಸಮಾಧಾನವಿತ್ತು.

ಆ ವಯಸ್ಸಿನಲ್ಲಿ ನಾನು ಗುಡ್ಡದ ದಾರಿಯಲ್ಲಿ ಓಡಿದೆ. ಕೆಂಚಪ್ಪ ಒಂದು ಹೆಣ್ಣುಕುರಿಯನ್ನು ತೊಡೆಸಂದಿಯಲ್ಲಿ ಹಿಡಿದು ಕತ್ತರಿಸುತ್ತಿದ್ದ. ಆ ಹೊತ್ತಿಗೆ ಮಂದೆಯ ಅರ್ಧ ಮುಗಿದಿತ್ತು. ಕರಿ ಕುರಿಗಳ ನಡುವೆ ಬೋಳಿಸಿದವು ಬೂದಿಬಣ್ಣಕ್ಕೆ ತಿರುಗಿ, ಸಣಕಲಾಗಿ, ಬೇರೆ ಯಾವುದೋ ಪ್ರಾಣಿಯ ಹಾಗೆ ನಿಂತಿದ್ದವು. ನಾನು ಏದುಸಿರಲ್ಲೇ ಹೇಳಿದೆ.

"ಮೊನ್ನೆ ಒಣ ಅಂದ ಫೋನೇ ಇವತ್ತು ಮಳೆ ಅಂತೈತಾ?" ಎಂದಳು ನಿಂಗಮ್ಮ. ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದಳು.

"ಹೌದು."

ಕೆಂಚಪ್ಪ ತಲೆ ಎತ್ತಿ ಪಡುವಣಕ್ಕೆ ನೋಡಿದ. ಆಕಾಶದಲ್ಲಿ ಇನ್ನೂ ಒಂದು ಚೂರು ಮೋಡವಿಲ್ಲ. ಕೊನೆಗೆ, "ನಿಲ್ಸಿ ಬಿಡ್ರಲಾ" ಎಂದ. ಕೈಯಲ್ಲಿದ್ದ ಕತ್ತರಿಯನ್ನು ಕೋಲಿಗೆ ನೇತುಹಾಕಲಿಲ್ಲ, ಅಲ್ಲೇ ಮಣ್ಣಿನ ಮೇಲೆ ಇಟ್ಟ.

"ಎತ್ತೋ ಅದನ್ನ" ಎಂದಳು ನಿಂಗಮ್ಮ.

"ಇವು ಉಳಿದ್ರೆ ಸಾಕು ಅಕ್ಕಯ್ಯ. ಕಟ್ಟಳೆ ಆಮ್ಯಾಲೆ."

"ದೇವರ ಮುಂದೆ ಎತ್ತಿದ್ದು ಕಣೋ ಅದು. ಇವರ ಫೋನಿಗೆ ಇಟ್ಬುಟ್ಯಾ?"

ಅವನು ನನ್ನ ಕಡೆ ತಿರುಗಿದ. "ಸರಿ ಕಣವ್ವ, ಕತ್ತರಿಸದೆ ಇರೋವು ಹೆಂಗೋ ತಡೀತವೆ. ಕತ್ತರಿಸಿರೋ ಇವನ್ನ ಏನ್ ಮಾಡ್ಲಿ? ಉಣ್ಣೆ ತಿರುಗಿ ಅಂಟ್ಸಾಕಾಯ್ತದಾ?"

ಮುಂಚೆ ತಿಳಿದರೆ ಏನಾದರೂ ಮಾಡಬಹುದು ಎಂಬುದು ಆ ಪ್ರಾಜೆಕ್ಟಿನ ಪೂರ್ತಿ ನಂಬಿಕೆಯಾಗಿತ್ತು. ನಾಲ್ಕು ಗಂಟೆ ಮುಂಚೆ ನನಗೆ ತಿಳಿದಿತ್ತು. ಊರಿನ ಶಾಲೆ ಎರಡು ಮೈಲಿ ದೂರ, ಅಲ್ಲಿರುವುದೂ ಮಕ್ಕಳು ತುಂಬಿದ ಒಂದೇ ಕೋಣೆ. ನಮ್ಮ ಕೊಟ್ಟಿಗೆಯಲ್ಲಿ, ಜೀಪಿನ ಶೆಡ್ಡಿನಲ್ಲಿ ಎಲ್ಲ ಸೇರಿ ಮೂವತ್ತು ಹಿಡಿಯಬಹುದು. ನೂರು ಕುರಿ ಹಿಡಿಯುವ ಒಂದೇ ಸೂರು ಎಂದರೆ ಕಾಫಿ ಸ್ಟೋರು.

ಮೇಲೆ ಬಂದು ಯಜಮಾನರನ್ನು ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ನಾನೂ ಜಗಳವಾಡುತ್ತಿದ್ದೆನೋ ಏನೋ.

"ಕಾಫಿ ವಾಸನೆ ಎಳೆಯುತ್ತೆ ಅಂತ ನಿನಗೇ ಗೊತ್ತಲ್ಲ. ಒಂದು ಸೀಮೆಎಣ್ಣೆ ಡಬ್ಬ ಎರಡು ದಿನ ಇಟ್ಟಿದ್ದಕ್ಕೆ ಐದು ಮೂಟೆ ವಾಪಸ್ ಬಂತು. ಒಳಗೆ ಇಡೀ ವರ್ಷದ ಬೆಳೆ ಇದೆ. ಒದ್ದೆ ಕುರಿ ತುಂಬಿದ ಮೇಲೆ ಅದನ್ನ ಯಾರು ಮುಟ್ತಾರೆ ಹೇಳು? ಕೊಟ್ಟಿಗೆ ಕೊಡು, ಶೆಡ್ಡು ಕೊಡು, ಟಾರ್ಪಾಲು, ಗೋಣಿಚೀಲ, ಇರೋದೆಲ್ಲ ಕೊಡು. ಸ್ಟೋರ್ ಒಂದು ಬೇಡ."

ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಸ್ಟೋರಿನ ಬೀಗದ ಕೈ ನನ್ನ ಬೀರುವಿನಲ್ಲೇ ಇತ್ತು. ಬೀರು ತೆಗೆದು ಅದನ್ನು ನೋಡಿದೆ. ಮತ್ತೆ ಬೀರು ಮುಚ್ಚಿದೆ.

ತೋಟದ ಲೆಕ್ಕ ಬರೆಯುವ ರೈಟರನ್ನೂ ಲೈನ್ ಮನೆಗಳ ಆಳುಗಳನ್ನೂ ಕರೆದು ಟಾರ್ಪಾಲು, ಗೋಣಿಚೀಲ ಹೊರಿಸಿಕೊಂಡು ಕೆಳಗೆ ಹೋದೆವು. ಎಳೆ ಮರಿಗಳನ್ನೂ ಅವುಗಳ ತಾಯಂದಿರನ್ನೂ ಕೊಟ್ಟಿಗೆಗೂ ಶೆಡ್ಡಿಗೂ ಸಾಗಿಸಿದೆವು. ಉಳಿದ ಬೋಳು ಕುರಿಗಳಿಗೆ ಗೋಣಿಚೀಲ ಹರಿದು ಬೆನ್ನ ಮೇಲೆ ಹೊದಿಸಿ, ಹೊಟ್ಟೆಯ ಕೆಳಗೆ ಹಗ್ಗ ಕಟ್ಟಿದೆವು. ಪ್ರತಿ ಚೀಲದ ಮೇಲೂ ನಮ್ಮ ಎಸ್ಟೇಟಿನ ಗುರುತು ನೀಲಿ ಅಕ್ಷರದಲ್ಲಿ ಅಚ್ಚಾಗಿತ್ತು. ಅರ್ಧ ಮಂದೆಯ ಬೆನ್ನ ಮೇಲೆ ನಮ್ಮ ಹೆಸರು. ಕಂಬದಲ್ಲಿ ಬಿಳಿ ಪಂಚೆ ಇನ್ನೂ ಹಾರುತ್ತಲೇ ಇರುವುದು ಆಗ ಕಣ್ಣಿಗೆ ಬಿತ್ತು. ಬದಲಿಸಲು ಮರೆತಿದ್ದೆ.

ಮೂರೂವರೆಗೆ ಪಡುವಣ ಕಪ್ಪಾಯಿತು. ಮೊದಲು ಗಾಳಿ ಬಂದು ಟಾರ್ಪಾಲನ್ನು ಕಿತ್ತು ಹಳ್ಳದಾಚೆಗೆ ಎಸೆಯಿತು. ಆಮೇಲೆ ಆಲಿಕಲ್ಲು. ಕಾಲು ಗಂಟೆಯಲ್ಲಿ ಗದ್ದೆ ಬೆಳ್ಳಗಾಯಿತು. ಅದು ನಿಂತ ಮೇಲೆ ಸುರಿದ ಮಳೆ ಕತ್ತಲಾಗುವವರೆಗೆ ಬಿಡಲಿಲ್ಲ. ಉಣ್ಣೆ ಇದ್ದ ಕುರಿಗಳು ತಲೆ ಒಳಗೆ ಹಾಕಿ ಒಂದಕ್ಕೊಂದು ಅಂಟಿಕೊಂಡು ಗುಂಡಾಗಿ ನಿಂತವು. ಬೋಳಿಸಿದವು ಆ ಗುಂಡಿನ ಹೊರಗೆ ಉಳಿದವು, ಒಳಗೆ ನುಗ್ಗಲು ಅವಕ್ಕೆ ಬಲವಿರಲಿಲ್ಲ. ಗೋಣಿಚೀಲ ನೀರು ಕುಡಿದು ಭಾರವಾಗಿ ಮೈಗೆ ಮೆತ್ತಿಕೊಂಡಿತು. ನಿಂಗಮ್ಮ ಮಳೆಯಲ್ಲೇ ಒಂದೊಂದೇ ಕುರಿಯ ಹತ್ತಿರ ಹೋಗಿ, ನಾವು ಕಟ್ಟಿದ್ದ ಹಗ್ಗವನ್ನು ಬಿಚ್ಚಿ ಚೀಲವನ್ನು ಎತ್ತಿ ಬಿಸಾಡುತ್ತಿದ್ದಳು. "ಇದು ಇನ್ನೂ ತಣ್ಣಗೈತೆ, ಇದು ಇನ್ನೂ ತಣ್ಣಗೈತೆ" ಎಂದು ಅವಳು ಯಾರಿಗೂ ಅಲ್ಲದೆ ಹೇಳಿಕೊಳ್ಳುತ್ತಿದ್ದದ್ದು ಕೇಳಿಸುತ್ತಿತ್ತು. ನಾನು ಛತ್ರಿ ಹಿಡಿದು ನಿಂತಿದ್ದೆ.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಮಳೆಮಾಪಕದ ಹತ್ತಿರ ಹೋದೆ. ಅಭ್ಯಾಸ, ಮತ್ತೇನು. ಒಂದು ಇಂಚು ಇಪ್ಪತ್ತು ಸೆಂಟ್ಸು. ಬರೆಯುತ್ತಿರುವಾಗಲೇ ಫೋನು ಶುರುವಾಯಿತು. ಹಾನುಬಾಳಿನ ಕಡೆಯ ನೆಂಟರು, ಯಸಳೂರಿನ ಸ್ನೇಹಿತರು, ಎಲ್ಲರ ಗಂಟಲಲ್ಲೂ ಮದುವೆ ಮನೆಯ ಸಡಗರ. "ನಿಮಗೆಷ್ಟು ಬಂತು? ಪರ್ಫೆಕ್ಟ್ ಬ್ಲಾಸಮ್ ಶವರ್ ಅಲ್ವಾ?" ನಾನು "ಒನ್ ಟ್ವೆಂಟಿ" ಎಂದೆ. "ಲಕ್ಕಿ ನೀವು" ಎಂದರು.

ಕೆಳಗೆ ಹೋಗುವಷ್ಟರಲ್ಲಿ ಗುಂಡಿ ತೋಡಲು ಶುರುಮಾಡಿದ್ದರು. ಕೊಟ್ಟಿಗೆಯಲ್ಲಿ ಇದ್ದವು ಬದುಕಿದ್ದವು. ಉಣ್ಣೆ ಇದ್ದವು ಬದುಕಿದ್ದವು. ಬಯಲಲ್ಲಿ ಉಳಿದ ಬೋಳು ಕುರಿಗಳಲ್ಲಿ ಏಳೋ ಎಂಟೋ ಮಾತ್ರ ಕಾಲ ಮೇಲೆ ನಿಂತಿದ್ದವು. ಉಳಿದವನ್ನು ಸಾಲಾಗಿ ಮಲಗಿಸಿದ್ದರು. ಕೆಂಚಪ್ಪ ನನ್ನನ್ನು ಕಂಡು ಎದ್ದು ನಿಂತ, ಅಂಥ ಹೊತ್ತಿನಲ್ಲೂ. ನಿಂಗಮ್ಮ ಏಳಲಿಲ್ಲ. ಮಣ್ಣಲ್ಲಿ ಹೂತಿದ್ದ ಕತ್ತರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಒರೆಸುತ್ತಿದ್ದಳು.

"ಅರ್ಧಕ್ಕೆ ಇಡಬ್ಯಾಡ ಅಂದೆ. ದೇವರು ಅರ್ಧ ತಗಂಡ" ಎಂದಳು.

ಕತ್ತರಿಸಿದ್ದರಿಂದ ಸತ್ತವು, ನಿಲ್ಲಿಸಿದ್ದರಿಂದ ಉಳಿದವು. ನನಗೆ ಅದು ಹಗಲಿನಷ್ಟು ಸ್ಪಷ್ಟ. ಆದರೆ ಹಾಗೆ ವಾದಿಸಲು ಅಲ್ಲಿ ಯಾರಿಗೆ ಹಕ್ಕಿತ್ತೋ ಇಲ್ಲವೋ, ಬಿಳಿ ಬಟ್ಟೆ ಕಟ್ಟಿದವಳಿಗೆ ಇರಲಿಲ್ಲ.

ಶನಿವಾರ ಅವರು ಹೊರಟರು. ಅದಾಗಿ ಒಂದು ವಾರಕ್ಕೆ ನಮ್ಮ ಗುಡ್ಡವೆಲ್ಲ ಹೂವಾಯಿತು. ರೋಬಸ್ಟಾ ಅರಳಿದಾಗ ಗೆರೆ ಎಳೆದಂತೆ ಕೊಂಬೆಯುದ್ದಕ್ಕೂ ಬಿಳಿ, ಮಲ್ಲಿಗೆಯಂಥ ಘಮ. ಆ ವರ್ಷದ ಹಾಗೆ ಹೂವು ನಾನು ಯಾವತ್ತೂ ನೋಡಿರಲಿಲ್ಲ. ಕೆಳಗಿನ ಬಯಲಿನಲ್ಲಿ ಎಲ್ಲಿ ನಿಂತರೂ ಅದು ಕಾಣುತ್ತಿತ್ತು. ಮೂಗಿಗೆ ಸೆರಗು ಹಿಡಿದು ಓಡಾಡಿದೆ. ಒಂದು ಸಂಜೆ ಯಜಮಾನರು, "ಸ್ಟೋರ್ ಕೊಡಬಹುದಿತ್ತೇನೋ" ಎಂದರು. ನಾನು "ಗೊತ್ತಿಲ್ಲ" ಎಂದೆ. ಮಾವನವರ ರಿಜಿಸ್ಟರು ತೆಗೆದು ನೋಡಿದಾಗ ಅವರ ಓರೆ ಅಕ್ಷರದಲ್ಲಿ ವರ್ಷ ವರ್ಷವೂ ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ಬರೆದಿತ್ತು: ಹೂಮಳೆ, ಗಾಳಿ ಸಹಿತ.

ಮೂರ್ತಿ ಬೈಕಿನಲ್ಲಿ ಬಂದು ಅತ್ತುಬಿಟ್ಟ. ಮುಂದಿನ ವರ್ಷ ಘಟ್ಟದ ಕಡೆಗೇ ಬೇರೆ ಮುನ್ಸೂಚನೆ ಮಾಡಿಸುತ್ತೇನೆ, ನಿಮ್ಮ ರಿಜಿಸ್ಟರುಗಳ ಲೆಕ್ಕವನ್ನೂ ಸೇರಿಸುತ್ತೇನೆ, ಕುರಿಯವರ ಹತ್ತಿರ ಕೂತು ಅವರು ಏನು ನೋಡುತ್ತಾರೆ ಎಂದು ಕೇಳುತ್ತೇನೆ ಎಂದ. ಎಲ್ಲ ಸರಿಯಾದ ಮಾತೇ. "ಬೇರೆ ಯಾರನ್ನಾದ್ರೂ ಹುಡುಕಿಕೋ ಮಗಾ" ಎಂದೆ. ಡಿಸೆಂಬರಿನಲ್ಲಿ ಮತ್ತೆ ಫೋನ್ ಮಾಡಿದ. ಮತ್ತೆ ಅದನ್ನೇ ಹೇಳಿದೆ.

ಜನವರಿಯಲ್ಲಿ ಕೆಂಚಪ್ಪ ಬಂದ. ಬರುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಬಯಲಲ್ಲಿ ಮಂದೆ ಬಿಟ್ಟು ಒಬ್ಬನೇ ಗುಡ್ಡ ಹತ್ತಿ ಬಂದು, ಜಗಲಿಯ ಮೇಲೆ ಒಂದು ಕರಿ ಕಂಬಳಿಯನ್ನು ಮಡಿಕೆಯಾಗಿ ಇಟ್ಟ.

"ಮಾತು ಕೊಟ್ಟಿದ್ನಲ್ಲವ್ವ."

ಅದು ಯಾವ ಕುರಿಗಳ ಉಣ್ಣೆ ಎಂದು ನಾನು ಕೇಳಲಿಲ್ಲ. ಆ ಸಲದ ಮೊದಲ ಉಣ್ಣೆ ಎಂದರೆ ಆ ಬುಧವಾರ, ಗುರುವಾರ ಕತ್ತರಿಸಿದ್ದೇ ಅಲ್ಲವೇ? ಏನೋ ಕೇಳಬೇಕಲ್ಲ ಎಂದು, "ನಿಂಗಮ್ಮ ಬರಲಿಲ್ವಾ?" ಎಂದೆ.

"ಇಲ್ಲ. ಕತ್ತರಿ ನೆಲಕ್ಕಿಟ್ಟೋನ ಹಿಂದೆ ನಡಿಯಾಕಿಲ್ಲ ಅಂದ್ಲು. ಮಗಳ ಮನ್ಯಾಗೆ ಅವ್ಳೆ. ಮಾತಾಡಾಕಿಲ್ಲ." ಅವನು ನಕ್ಕ. ನಗು ಮೊದಲಿನ ಹಾಗಿರಲಿಲ್ಲ. ಆಮೇಲೆ ಕಣದ ಕಡೆ ತಿರುಗಿ, "ಕಂಬ ಖಾಲಿ ಐತಲ್ಲವ್ವ?" ಎಂದ.

ನಾನು ಕಂಬಳಿಯನ್ನು ಕೈಗೆ ಎತ್ತಿಕೊಂಡೆ.

"ನೀವು ಓಡಿ ಬಂದು ಹೇಳದೇ ಇದ್ದಿದ್ರೆ ಉಳಿದರ್ಧಾನೂ ಹೋಗ್ಬುಡೋದು. ನನಗೊತ್ತು. ನಮ್ಮೋರು ಯಾರೂ ಒಪ್ಪಾಕಿಲ್ಲ. ಈ ಸಲ ಬಟ್ಟೆ ಕಟ್ಟಿ. ಮಳೆ ಸರಿಯಾಗಿ ಬಂದ್ರೂ ಬರದಿದ್ರೂ ಕಟ್ಟಿ. ಮೇಲೆ ಒಬ್ರು ನೋಡ್ತಾ ಅವ್ರೆ ಅಂತಾದ್ರೂ ಇರ್ಲಿ."

"ಫೋನು ಬರ್ತಾ ಇಲ್ಲ ಕೆಂಚಪ್ಪ" ಎಂದೆ. "ಆ ಪ್ರಾಜೆಕ್ಟು ನಿಂತುಹೋಯ್ತು."

ನನ್ನ ಜೀವಮಾನದಲ್ಲಿ ಅಂಥ ಸುಳ್ಳನ್ನು ಅಷ್ಟು ನಯವಾಗಿ ಇನ್ನೊಮ್ಮೆ ಹೇಳಿಲ್ಲ. ಅವನು ನಂಬಿದ. ನನ್ನ ಮಾತನ್ನು ಅವನು ಎಂದೂ ನಂಬದೇ ಇದ್ದದ್ದೇ ಇಲ್ಲ.

ಆ ಮಾರ್ಚಿನಲ್ಲಿ ಅವನು ಉಣ್ಣೆ ಕತ್ತರಿಸದೆಯೇ ಊರಿಗೆ ಹೊರಟ. ದಪ್ಪ ಉಣ್ಣೆ ಹೊತ್ತ ಕುರಿಗಳು ಬಾಯಿ ತೆರೆದು ತೇಕುತ್ತಾ ರಸ್ತೆ ಹತ್ತುವುದನ್ನು ಕಣದ ಅಂಚಿನಲ್ಲಿ ನಿಂತು ನೋಡಿದೆ. ತಿರುವಿನಲ್ಲಿ ಅವನು ಒಮ್ಮೆ ನಿಂತು ಕಂಬದ ಕಡೆ ನೋಡಿದ. ಆ ವಾರವೆಲ್ಲ ರಿಜಿಸ್ಟರಿನಲ್ಲಿ ಸೊನ್ನೆ ಬರೆದೆ. ಒಂದು ಸೆಂಟೂ ಬೀಳಲಿಲ್ಲ. ಕತ್ತರಿಸಬಹುದಿತ್ತು. ಅದರ ಮುಂದಿನ ವರ್ಷ ಅವನು ಬರಲಿಲ್ಲ, ಆಮೇಲೂ ಬರಲಿಲ್ಲ.

ಸೊಸೆ ಟ್ರಂಕಿನ ಸಾಮಾನುಗಳನ್ನೆಲ್ಲ ಒರೆಸಿ ಮುಗಿಸಿ, ಕಂಬಳಿಯನ್ನು ತೋಳಿನ ಮೇಲೆ ಹಾಕಿಕೊಂಡು ತನ್ನ ಫೋನು ನೋಡಿದಳು. ಈಗ ಅದರಲ್ಲಿ ಗಂಟೆ ಗಂಟೆಗೂ ಒಂದು ಪುಟ್ಟ ಸೂರ್ಯನ ಚಿತ್ರವೋ ಮೋಡದ ಚಿತ್ರವೋ ಇರುತ್ತದೆ.

"ಸಂಜೆವರೆಗೂ ಬಿಸಿಲಂತೆ. ಹೊರಗೆ ತಂತಿ ಮೇಲೆ ಹಾಕ್ಲಾ ಅತ್ತೆ?"

ನಾನು ಎದ್ದು ಜಗಲಿಯ ತುದಿಗೆ ಹೋಗಿ ಪಡುವಣಕ್ಕೆ ನೋಡಿದೆ. ಆಕಾಶ ತೊಳೆದಿಟ್ಟಂತೆ ಇತ್ತು.

"ಬೇಡ, ಒಳಗೇ ಇರಲಿ" ಎಂದೆ.

ಅವಳು ಅದನ್ನು ಒಳಗೆ ಕುರ್ಚಿಯ ಬೆನ್ನಿಗೆ ಹರಡಿದಳು. ಅಂದು ಇಡೀ ದಿನ ಒಳ್ಳೆಯ ಬಿಸಿಲಿತ್ತು.